ಅಜ್ಜಿ ಕೇಳದೆ ಬಿಟ್ಟ ಕನಸು

ದಿಂಬಿನ ಎಡಮೂಲೆಯ ಹೊಲಿಗೆ ಒಂದು ಬೆರಳಗಲ ಬಿಟ್ಟುಕೊಂಡಿತ್ತು. ಅಲ್ಲಿಂದ ಒಂದು ಲವಂಗ ಇಣುಕುತ್ತಿತ್ತು. ಮೇಲಿನ ಮೊಗ್ಗು ಉದುರಿ ಬರೀ ಕಡ್ಡಿ ಉಳಿದ ಲವಂಗ. ಗವಸು ಬದಲಿಸಲು ಹೊರಟಿದ್ದವಳು ಅದನ್ನು ಎಳೆದು ಮೂಗಿನ ಹತ್ತಿರ ತಂದೆ. ಖಾರ ಹೋಗಿತ್ತು, ವಾಸನೆ ಹೋಗಿರಲಿಲ್ಲ. ಅದರ ಹಿಂದೆಯೇ ಬಿಸಿಲಿಗೆ ಒಣಗಿದ ಹತ್ತಿಯ ವಾಸನೆ ಬಂತು, ಹತ್ತಿಯ ಹಿಂದೆ ಕೊಟ್ಟೂರಿನ ನಮ್ಮ ಮಾಳಿಗೆ ಮನೆ, ಆ ಮನೆಯ ಪಡಸಾಲೆಯಲ್ಲಿ ರೆಪ್ಪೆಗೂದಲ ಮೇಲೆಲ್ಲ ಬಿಳಿ ಎಳೆ ಅಂಟಿಸಿಕೊಂಡು ಕೂತ ಅಜ್ಜಿ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ತುಂಬುವುದು ಮನೆತನದ ಕಸುಬು. ನಮಾಜು ಅರಬ್ಬಿಯಲ್ಲಿ, ಮನೆಮಾತು ಕನ್ನಡ. ಪಡಸಾಲೆಯ ತೊಲೆಗೆ ಹಗ್ಗದಿಂದ ದೊಡ್ಡ ಬಿಲ್ಲೊಂದು ತೂಗುತ್ತಿತ್ತು. ಅಪ್ಪ ಮರದ ಗುಂಡಿನಿಂದ ಅದರ ತಂತಿ ಮೀಟಿದರೆ ಮನೆಯ ಗೋಡೆಯೇ ಗುಂಯ್ ಎನ್ನುತ್ತಿತ್ತು. ಹೆಪ್ಪುಗಟ್ಟಿದ ಹಳೆಯ ಹತ್ತಿ ತಂತಿಗೆ ಸಿಕ್ಕಿ ಮೇಲೇಳುವುದು, ಒಂದು ಗಳಿಗೆ ಗಾಳಿಯಲ್ಲೇ ನಿಂತು ಮೆಲ್ಲಗೆ ಇಳಿಯುವುದು, ಇದನ್ನು ನೋಡುತ್ತಲೇ ನಾನು ಬೆಳೆದೆ. ನಮ್ಮ ಸಾರಿನಲ್ಲಿ ಹತ್ತಿ ಇರುತ್ತಿತ್ತು, ಪುಸ್ತಕದ ಹಾಳೆಗಳ ನಡುವೆಯೂ ಇರುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ನನ್ನ ಜಡೆಯಿಂದ ಎಳೆ ಆರಿಸಿ ಊದುತ್ತಿದ್ದರು. ಆಗ ಅದು ನಾಚಿಕೆಯ ವಿಷಯ. ಈಗ ಯಾರಾದರೂ ಹಾಗೆ ಆರಿಸಿದರೆ ಎಂದು ಆಸೆಯಾಗುತ್ತದೆ. ನಿಮಗೂ ಅಂಥದೊಂದು ಮನೆ ಇದ್ದೀತು. ಇದ್ದಾಗ ಮೈಯಿಂದ ಜಾಡಿಸಿಕೊಂಡದ್ದು, ಹೋದ ಮೇಲೆ ಮೂಲೆ ಮೂಲೆ ಹುಡುಕುವಂಥದ್ದು.

ಅಜ್ಜಿಯ ಹೆಸರು ಬೀಬಮ್ಮ. ಸಂಜೆ ಓಣಿಯ ಮಕ್ಕಳಿಗೆ ಕುರಾನ್ ಓದಿಸುತ್ತಿದ್ದಳು. ಓದು ಮುಗಿದ ಮೇಲೆ ಪೈಗಂಬರರ ಕಥೆಗಳು. ಲೂತ್ ಪೈಗಂಬರರ ಕಥೆಯನ್ನು ಅವಳು ಹೇಳುತ್ತಿದ್ದ ರೀತಿ ನನಗೆ ಇಂದಿಗೂ ಕಿವಿಯಲ್ಲಿದೆ. ಮನೆಗೆ ಅತಿಥಿಗಳು ಬಂದಿದ್ದಾರೆ, ಊರ ಗಂಡಸರು ಬಾಗಿಲು ಬಡಿಯುತ್ತಿದ್ದಾರೆ, ಒಳಗೆ ಮುದುಕ ಪೈಗಂಬರರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಅಜ್ಜಿ ತಾನೂ ಗೋಡೆಗೆ ಬೆನ್ನು ಕೊಟ್ಟು ತೋರಿಸುತ್ತಿದ್ದಳು. ಕೊನೆಗೆ ಊರ ಮೇಲೆ ಕಲ್ಲಿನ ಮಳೆ. ಒಂದು ಸಲ ನಾನು ಕೇಳಿದೆ, "ಅಜ್ಜಿ, ಆ ಊರಾಗ ಸಣ್ಣ ಮಕ್ಕಳು ಇರಲಿಲ್ಲೇನು?"

"ಅದನ್ನ ನಾನೂ ನಮ್ಮಪ್ಪನ್ನ ಕೇಳಿದ್ದೆ. ಸುಮ್ನ ಓದು ಅಂದ್ರು. ನೀನೂ ಸುಮ್ನ ಓದು."

ನಾನು ಪ್ರೌಢಶಾಲೆಗೆ ಹೋಗುವ ಹೊತ್ತಿಗೆ ಮಸೀದಿಗೆ ಹೊಸ ಇಮಾಮರು ಬಂದರು. ದೂರದ ಮದರಸಾದಲ್ಲಿ ಓದಿದವರು, ವಯಸ್ಸು ಚಿಕ್ಕದು, ಮಾತು ಮೆದು. ಎಲ್ಲರೂ ಅವರನ್ನು ಹಜರತ್ ಎನ್ನುತ್ತಿದ್ದರು. ಒಂದು ಶುಕ್ರವಾರ ಅವರು ಇದೇ ಕಥೆಯನ್ನು ಧ್ವನಿವರ್ಧಕದಲ್ಲಿ ಹೇಳಿದರು. ಅವರ ಕಥೆಯಲ್ಲಿ ಬಾಗಿಲು ಬೇಗ ಮುಗಿಯಿತು. ಗಂಡು ಗಂಡಿನ ಕಡೆ, ಹೆಣ್ಣು ಹೆಣ್ಣಿನ ಕಡೆ ಮನಸ್ಸು ತಿರುಗಿಸುವುದು ಎಂಥ ಪಾಪ ಎನ್ನುವುದನ್ನೇ ಅವರು ಬಹಳ ಹೊತ್ತು ಹೇಳಿದರು. ನಾನು ಮಾಳಿಗೆಯ ಮೇಲೆ ಹತ್ತಿ ಹರವುತ್ತಿದ್ದೆ. ಆ ವಯಸ್ಸಿಗೆ ನನಗೆ ನನ್ನ ಬಗ್ಗೆ ಒಂದು ಸಂಗತಿ ಗೊತ್ತಿತ್ತು, ಅದಕ್ಕೆ ಹೆಸರಿರಲಿಲ್ಲ. ಅಂದು ಹೆಸರು ಸಿಕ್ಕಿತು, ಜೊತೆಗೆ ಕಲ್ಲೂ ಸಿಕ್ಕಿತು. ಹತ್ತಿ ಹರವುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾರಾದರೂ ಯಾಕೆಂದು ಕೇಳಿಯಾರು ಎಂಬ ಭಯ.

ಅಜ್ಜಿಗೂ ಹಜರತ್ತರಿಗೂ ಬೇರೆಯೇ ಒಂದು ಜಗಳವಿತ್ತು. ಮದುವೆಯೋ ವ್ಯಾಪಾರವೋ, ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಮುಂಚೆ ನಮ್ಮಲ್ಲಿ ಇಸ್ತಿಖಾರಾ ಮಾಡುತ್ತಾರೆ. ಮಲಗುವ ಮುನ್ನ ನಮಾಜು ಮಾಡಿ, ಇದು ನನಗೆ ಒಳ್ಳೆಯದಾದರೆ ನಡೆಸಿಕೊಡು, ಇಲ್ಲವಾದರೆ ನನ್ನಿಂದ ದೂರ ಮಾಡು ಎಂದು ಅಲ್ಲಾಹನನ್ನು ಕೇಳಿ ಮಲಗುವುದು. ಬೆಳಿಗ್ಗೆ ಮನಸ್ಸು ಎತ್ತ ವಾಲುತ್ತದೋ ಅದೇ ಉತ್ತರ. ಕನಸು ಬಿದ್ದರೆ ಬಿಳುಪು, ಹಸಿರು ಶುಭ. ಕಪ್ಪು ಕಂಡರೆ ಬೇಡ ಎಂಬುದು ಓಣಿಯ ನಂಬಿಕೆ. ಅಜ್ಜಿ ಬೇರೆಯವರ ಪರವಾಗಿಯೂ ಕೇಳುತ್ತಿದ್ದಳು. ಕಾನಹೊಸಹಳ್ಳಿಯಿಂದಲೂ ಜನ ಬರುತ್ತಿದ್ದರು. ಜಾತಿಯ ಗೊಡವೆ ಯಾರಿಗೂ ಇರಲಿಲ್ಲ. ಎದುರುಮನೆಯ ಕೊಟ್ರಮ್ಮ ಒಮ್ಮೆ ಎಮ್ಮೆ ಕೊಳ್ಳುವ ಮುಂಚೆ ಬಂದಳು. "ಬೀಬಕ್ಕಾ, ಕನಸಿನ್ಯಾಗ ಕರೇದು ಕಂಡ್ರ ಬ್ಯಾಡ ಅಂತೀ. ತಗೊಳ್ಳೋದು ಎಮ್ಮಿ. ಅದೇನು ಬೆಳ್ಳಗ ಆಗಿ ಬರ್ತೈತೇನು?"

"ಎಮ್ಮಿ ಯಾಕ ನೋಡ್ಲಿ? ಅದನ್ನ ಮಾರಾವನ್ನ ನೋಡ್ತೀನಿ ತಡಿ," ಎಂದಳು ಅಜ್ಜಿ.

ಹಜರತ್ತರಿಗೆ ಇದು ಹಿಡಿಸಲಿಲ್ಲ. ಇಸ್ತಿಖಾರಾ ಅವರವರೇ ಮಾಡಬೇಕು, ಇನ್ನೊಬ್ಬರ ಕೈಲಿ ಮಾಡಿಸುವುದು ಸರಿಯಲ್ಲ ಎನ್ನುತ್ತಿದ್ದರು. ಅಜ್ಜಿ ಬಗ್ಗಲಿಲ್ಲ. "ಮಂದಿಗೆ ಕೇಳಾಕ ಅಂಜಿಕಿ ಇರತೈತಿ ಹಜರತ್. ನಾ ಕೇಳಿದ್ರ ನಿಮಗೇನು ಹೊಟ್ಟಿಬ್ಯಾನಿ?" ವರ್ಷಗಟ್ಟಲೆ ನಡೆದ ಜಗಳ ಅದು. ಅವರು ಬಯ್ಯಲಿಲ್ಲ, ಅವಳು ಬಿಡಲಿಲ್ಲ. ಆ ಕೆಲಸ ಅಜ್ಜಿಗೆ ಓಣಿಯಲ್ಲಿ ಒಂದು ಜಾಗ ಕೊಟ್ಟಿತ್ತು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಹತ್ತಿಬೀಜ ಆರಿಸುತ್ತಾ ಮಗನನ್ನು ಸಾಕಿದವಳಿಗೆ ಅದೊಂದೇ ಗೌರವ.

ಎಂ.ಎ. ಓದಲು ನಾನು ಧಾರವಾಡಕ್ಕೆ ಹೋದೆ. ಅಲ್ಲಿ ನನ್ನ ಕೋಣೆಯಲ್ಲಿದ್ದವಳು ಹಗರಿಬೊಮ್ಮನಹಳ್ಳಿಯವಳು. ಅವಳ ಹೆಸರು ಇಲ್ಲಿ ಬೇಡ. ಒಂದು ರಜೆಯಲ್ಲಿ ನಮ್ಮ ಮನೆಗೂ ಬಂದಿದ್ದಳು. ಅಪ್ಪನ ಬಿಲ್ಲು ಮೀಟಲು ಹೋಗಿ ಮೂಗಿಗೆಲ್ಲ ಹತ್ತಿ ಮೆತ್ತಿಕೊಂಡು ನಕ್ಕಿದ್ದಳು. ಅಜ್ಜಿ ಅವಳ ತಟ್ಟೆಗೆ ಕೇಳದೆಯೇ ಮಂಡಕ್ಕಿ ಒಗ್ಗರಣೆ ಹಾಕುತ್ತಲೇ ಇದ್ದಳು. ಓದು ಮುಗಿದ ವರ್ಷವೇ ಅವಳ ಮದುವೆಯಾಯಿತು. ನಾನು ಹೋಗಿ, ಊಟ ಮಾಡಿ, ಸಂಜೆಯ ಬಸ್ಸಿಗೆ ಮರಳಿದೆ. ಆಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅಜ್ಜಿ ಕಾರಣ ಕೇಳಲಿಲ್ಲ. ಒಳ್ಳೆಯ ಹತ್ತಿ ಆರಿಸಿ, ನಡುವೆ ಲವಂಗ ಹಾಕಿ, ಈ ದಿಂಬು ಹೊಲಿದುಕೊಟ್ಟಳು.

ಆಗಲೇ ಹರಪನಹಳ್ಳಿಯಿಂದ ನೆಂಟಸ್ತಿಕೆ ಬಂತು. ಹುಡುಗ ಶಾಲಾ ಮಾಸ್ತರ, ಒಳ್ಳೆಯವನು. ಬೇಡ ಎನ್ನಲು ಒಂದು ಕಾರಣವೂ ಇರಲಿಲ್ಲ. ಅಪ್ಪನ ಸಂತೋಷ ನೋಡಿದಷ್ಟೂ ನಾನು ಮಾಳಿಗೆಯ ಕೆಲಸ ಹುಡುಕಿಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ನಾನೂ ಅಜ್ಜಿಯೂ ಹತ್ತಿ ಬಿಡಿಸುತ್ತಿದ್ದೆವು. ಅವಳು ತಲೆ ಎತ್ತದೆಯೇ ಮಾತು ತೆಗೆದಳು.

"ಗೆಳತಿ ಮದುವಿ ಆದ್ರ ಹುಡುಗೇರು ಒಂದೆರಡು ದಿನ ಅಳ್ತಾರ. ಆಮ್ಯಾಲೆ ಫೋಟೋ ನೋಡ್ಕೊಂತ ನಗ್ತಾರ. ನೀನು ಇದ್ದತ್ ಕುಂತಂಗ ಕುಂತೀ."

ಗಂಡ ತೀರಿಕೊಂಡ ಹೆಂಗಸು ಮನೆಯೊಳಗೇ ಕಳೆಯುವ ದಿನಗಳಿಗೆ ಇದ್ದತ್ ಎನ್ನುತ್ತಾರೆ. ಅಜ್ಜಿ ಅದನ್ನು ಕೂತವಳು. ನನ್ನ ದುಃಖದ ಗುರುತು ಅವಳಿಗಲ್ಲದೆ ಇನ್ಯಾರಿಗೆ ಸಿಗಬೇಕಿತ್ತು?

"ಹೌದಜ್ಜಿ," ಎಂದೆ. ಕೈಯಲ್ಲಿದ್ದ ಹತ್ತಿ ಬಿಡಿಸುತ್ತಲೇ, "ನನಗ ಗಂಡಸರ ಕಡೆ ಮನಸ್ಸು ಹೋಗಂಗಿಲ್ಲ. ಯಾವತ್ತೂ ಹೋಗಿಲ್ಲ," ಎಂದೂ ಹೇಳಿದೆ.

ಅವಳ ಬೆರಳು ನಿಲ್ಲಲಿಲ್ಲ. ಒಂದು ಬೀಜ ತೆಗೆದು ಪಕ್ಕಕ್ಕಿಟ್ಟಳು. "ಲೂತ್ ಪೈಗಂಬರರ ಕಥಿ ನಾನಾ ಹೇಳಿಕೊಟ್ಟೀನಿ ನಿನಗ."

"ಹೂಂ."

"ಇದು ತಪ್ಪು ಅಂತ ಕಲ್ತಾಕಿ ನಾನು. ತಪ್ಪಲ್ಲ ಅಂತ ಹೇಳಾಕ ನನಗ ಬರಂಗಿಲ್ಲ, ಹೇಳಿದ್ರ ಸುಳ್ಳಾಗತೈತಿ. ಆದರ ಮನಸ್ಸಿಲ್ದ ನಿಕಾಹಕ್ಕ ಕಬೂಲ್ ಅಂದು ಮಂದಿ ಮಗನ ಬಾಳೇವು ಕೆಡಸೋದು ತಪ್ಪಲ್ಲ ಅಂತಾನೂ ಹೇಳಾಕ ಬರಂಗಿಲ್ಲ. ನನ್ನ ಓದು ಇಲ್ಲಿಗೆ ಮುಗೀತು ನೋಡವ್ವ. ಮುಂದಿಂದು ಮ್ಯಾಲಿನವನಿಗೆ ಗೊತ್ತು." ಆರಿಸಿದ ಬೀಜಗಳನ್ನು ಒಟ್ಟುಮಾಡುತ್ತಾ, "ನಿಮ್ಮಪ್ಪಗ ಹೇಳಬ್ಯಾಡ. ಅವನು ಓದಿಲ್ಲ, ಬರೇ ಹೆದರ್ತಾನ," ಎಂದಳು. ನನಗೆ ಅಳುವಿನ ನಡುವೆಯೇ ನಗು ಬಂತು.

ಮರುವಾರ ಹಜರತ್ ಮಸೀದಿಯ ಗಾದಿ ಒಯ್ಯಲು ಬಂದಿದ್ದರು. ಅವರೆದುರಿಗೇ ಅಪ್ಪ ಮಾತು ತೆಗೆದ. "ಅವ್ವಾ, ಹರಪನಹಳ್ಳಿಯವರಿಗೆ ಮಾತು ಕೊಡಬೇಕು. ಇವತ್ತು ಇಸ್ತಿಖಾರಾ ಮಾಡಿಬಿಡು."

ಬೇಡವೆಂಬ ಉತ್ತರ ಬಂತೆಂದು ಅಜ್ಜಿ ಹೇಳಿಬಿಡಬಹುದಿತ್ತು. ಅವಳ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಅಲ್ಲಾಹನ ಹೆಸರಲ್ಲಿ ಇಲ್ಲದ ಮಾತು ಆಡುವವಳಲ್ಲ ಅವಳು. ಮಂಡಿಯ ಮೇಲಿನ ಹತ್ತಿ ಜಾಡಿಸಿ, "ನಾ ಮಾಡಂಗಿಲ್ಲ," ಎಂದಳು. "ಹಜರತ್ ಹೇಳೋದು ಖರೇ ಐತಿ. ಬಾಳೇವು ಯಾರದೋ, ಕೇಳೋದೂ ಅವರಾ ಕೇಳಬೇಕು. ಇಷ್ಟು ವರ್ಷ ನನಗ ತಿಳೀಲಿಲ್ಲ. ಇನ್ನ ಮ್ಯಾಲೆ ಯಾರದೂ ಮಾಡಂಗಿಲ್ಲ. ಹುಡುಗಿ ತಾನಾ ಕೇಳ್ಲಿ."

ಅಪ್ಪ ಕೈಯಲ್ಲಿದ್ದ ಮರದ ಗುಂಡನ್ನು ಕೆಳಗಿಟ್ಟ. ಹಜರತ್ತರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. "ಅಮ್ಮಾ, ನೀವು ದೊಡ್ಡೋರು," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಹುಡುಗಿ ಕೇಳಿಕೊಂಡ ಮೇಲೆ ಏನು ಹೇಳ್ತಾಳೋ ಅದೇ. ಅದರ ಎದುರು ಯಾರೂ ಮಾತಾಡಬಾರದ್ರಿ," ಎಂದರು. ಸಂಜೆ ಅವರ ಮನೆಯಿಂದ ಒಂದು ಬಟ್ಟಲು ಖರ್ಜೂರ ಬಂತು. ಯಾವ ಬಾಗಿಲಿಗೆ ತಾವು ಬೆನ್ನು ಕೊಟ್ಟು ನಿಂತೆವೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಅವರಿಗೂ ನಾನು ಋಣಿ.

ಅಜ್ಜಿ ಮಾತಿಗೆ ತಪ್ಪಲಿಲ್ಲ. ನನ್ನದೊಂದನ್ನೇ ಬಿಟ್ಟಿದ್ದರೆ ಯಾಕೆಂದು ಓಣಿ ಕೇಳುತ್ತಿತ್ತು. ದೂರದೂರಿನಿಂದ ಬಂದವರಿಗೆ ನೀರು ಕೊಟ್ಟು, ನೀವೇ ಕೇಳಿಕೊಳ್ಳಿರೆಂದು ಕಳಿಸುತ್ತಿದ್ದಳು. ಬರುಬರುತ್ತ ಯಾರೂ ಬರದಾದರು. ಪಡಸಾಲೆಯ ತುದಿಯಲ್ಲಿ ಅವಳ ಎದುರು ಬಂದವರಿಗೆ ಹಾಸುತ್ತಿದ್ದ ಚಾಪೆಯನ್ನು ಒಂದು ದಿನ ಅವಳೇ ಸುತ್ತಿ ಅಟ್ಟಕ್ಕೆ ಹಾಕಿದಳು. ಕೊಟ್ರಮ್ಮ ಮಾತ್ರ ಬಿಡಲಿಲ್ಲ. "ಈ ಸಲ ಎಮ್ಮಿ ಅಲ್ಲ, ಆಕಳ ಬೀಬಕ್ಕಾ, ಬೆಳ್ಳಗೈತಿ," ಎಂದು ಕಾಡುತ್ತಿದ್ದಳು. ಅಜ್ಜಿ ನಗುತ್ತಿದ್ದಳು, ಒಪ್ಪುತ್ತಿರಲಿಲ್ಲ. ಆ ನಗುವಿನ ಬೆಲೆ ನನಗೆ ಗೊತ್ತಿತ್ತು.

ನಂತರ ಹತ್ತಿ ಹಿಂಜುವ ಯಂತ್ರ ಬಂತು, ಅಂಗಡಿಗೆ ಸಿದ್ಧ ಗಾದಿಗಳು ಬಂದವು. ಬಿಲ್ಲನ್ನು ತೊಲೆಯಿಂದ ಇಳಿಸಿದರು. ಅಜ್ಜಿ ಒಂದು ಚಳಿಗಾಲದಲ್ಲಿ, ತಾನೇ ತುಂಬಿದ ಗಾದಿಯ ಮೇಲೆ, ಯಾರಿಗೂ ತೊಂದರೆ ಕೊಡದೆ ಹೋದಳು. ಮಾಳಿಗೆ ಮನೆ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಮಳಿಗೆಗಳಿವೆ. ಒಮ್ಮೆ ಅಲ್ಲಿ ನಿಂತು ಗಾಳಿ ಎಳೆದುಕೊಂಡೆ. ಹತ್ತಿಯ ವಾಸನೆ ಇರಲಿಲ್ಲ. ನಾನು ಈಗಲೂ ನಮಾಜು ಮಾಡುತ್ತೇನೆ. ಲೂತರ ಕಥೆ ಬರುವ ಪುಟಕ್ಕೆ ಬಂದಾಗ ಬೆರಳು ಸಾಲಿನ ಮೇಲೆ ನಿಲ್ಲುತ್ತದೆ. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ನಿಂತದ್ದು ನೆನಪಾಗುತ್ತದೆ, ಮುಂದೆ ಓದುತ್ತೇನೆ. ನಾಲ್ಕು ಮಂದಿಗೆ ಹೇಳದ ಮಾತನ್ನು ಇಲ್ಲಿ ಬರೆಯುತ್ತಿರುವುದು ಅವಳಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದಷ್ಟೆ.

ಖರ್ಜೂರ ಬಂದ ಆ ರಾತ್ರಿಯೇ ನಾನು ಇಸ್ತಿಖಾರಾ ಮಾಡಿ, ಇದೇ ದಿಂಬಿಗೆ ತಲೆಯಿಟ್ಟು ಮಲಗಿದೆ. ಬೇಡ ಎಂಬ ಉತ್ತರ ಬೇಕೆಂದು ಕೇಳಲಿಲ್ಲ. ಒಳ್ಳೆಯದು ಯಾವುದೋ ಅದನ್ನು ಕೊಡು ಎಂದು, ಕಲಿಸಿದ ಹಾಗೆಯೇ ಕೇಳಿದೆ. ಕಪ್ಪಾಗಲಿ ಹಸಿರಾಗಲಿ ಏನೂ ಕಾಣಲಿಲ್ಲ. ಎಷ್ಟೋ ತಿಂಗಳ ನಂತರ ಬೆಳಗಿನವರೆಗೆ ಒಂದೇ ನಿದ್ದೆ. ಎದ್ದಾಗ ಮನಸ್ಸು ತಿಳಿಯಾಗಿತ್ತು, ಅದರಲ್ಲಿ ಎರಡನೆಯ ಮಾತಿರಲಿಲ್ಲ.

ಪಡಸಾಲೆಗೆ ಬಂದು, "ಅಪ್ಪಾ, ಬ್ಯಾಡ ಅಂತ ಬಂತು," ಎಂದೆ. ಅಪ್ಪ ನನ್ನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. "ಬ್ಯಾಡಂದ್ರ ಬ್ಯಾಡ," ಎಂದು ತಂತಿ ಮೀಟಿದ. ಮನೆಯೆಲ್ಲ ಗುಂಯ್ ಎಂದಿತು. ಓಣಿಯ ಅಷ್ಟೂ ಜನರ ಕನಸು ವಿಚಾರಿಸಿದ್ದ ಅಜ್ಜಿ, ನನಗೆ ಏನು ಕಂಡಿತೆಂದು ಕೇಳಲಿಲ್ಲ. ಪಕ್ಕದ ಹತ್ತಿ ಸರಿಸಿ ನನಗೆ ಕೂರಲು ಜಾಗ ಮಾಡಿದಳು. ನಾನು ಮೊದಲು ಒಳಗೆ ಹೋಗಿ, ಅಷ್ಟು ತಿಂಗಳು ನನ್ನ ಕಣ್ಣೀರು ಕುಡಿದಿದ್ದ ದಿಂಬನ್ನು ತಂದೆ. ಮಾಳಿಗೆ ಹತ್ತಿ, ಅದನ್ನು ಬಿಸಿಲಿಗೆ ಇಟ್ಟೆ.