ಗೂಡು ಒಡೆದ ವಾರ

ಪರದೇಶದ ರೇಷ್ಮೆ ಅಗ್ಗವಾಗಿ ಬಂದು ಬಿದ್ದಮೇಲೆ ಕ್ಲೋಸ್‌ಪೇಟೆಯ ನಮ್ಮ ಕಾರ್ಖಾನೆಯಲ್ಲಿ ಕೂಲಿ ಇಳಿಯಿತು. ಸ್ವಲ್ಪ ದಿನಕ್ಕೆ ಮತ್ತೂ ಇಳಿಯಿತು. ಕುದಿನೀರಿನಲ್ಲಿ ಬೆರಳು ಬೇಯಿಸಿಕೊಂಡು ನೂಲು ತೆಗೆಯುವ ನಾವು ಹೆಂಗಸರು ಹೇಗೋ ನುಂಗಿಕೊಂಡಿದ್ದೆವು. ಅಷ್ಟರಲ್ಲಿ ಬೆಂಗಳೂರಿನಿಂದ ಕೆಂಪು ಬಾವುಟದವರು ಬಂದರು. ಬಾಯ್ಲರಿಗೆ ಸೌದೆ ಹಾಕುತ್ತಿದ್ದ ನನ್ನ ಅಣ್ಣ ನೋಡನೋಡುತ್ತ ಸಂಘದ ಮುಂದಾಳಾದ. ಮಸೀದಿ ಬೀದಿಯವರು, ಕೇರಿಯವರು, ನಮ್ಮಂಥ ಒಕ್ಕಲು ಮನೆಯವರು ಒಂದೇ ಜಗಲಿಯಲ್ಲಿ ಕೂತದ್ದನ್ನು ನಾನು ಆಗಲೇ ಮೊದಲು ನೋಡಿದ್ದು. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಪಕ್ಕದ ಹಳ್ಳಿಯ ನಮ್ಮ ಮನೆಯಲ್ಲಿ ಹುಳ ಸಾಕುತ್ತಿದ್ದ ಅವ್ವ ಮಾತ್ರ ಬಾವುಟ ನೋಡಿ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ" ಎಂದಳು.

ಮುಷ್ಕರ ಶುರುವಾಯಿತು, ಬಾಯ್ಲರು ಆರಿತು. ಆದರೆ ಹುಳ ಗೂಡು ಕಟ್ಟುವುದನ್ನು ಯಾವ ಸಂಘ ನಿಲ್ಲಿಸೀತು? ಗೂಡು ಬಿಡಿಸಿದ ನಾಲ್ಕಾರು ದಿನದೊಳಗೆ ಕಾರ್ಖಾನೆಯ ಹಬೆಗೆ ಹಾಕಿ ಒಳಗಿನ ಹುಳವನ್ನು ಕೊಲ್ಲಬೇಕು. ಇಲ್ಲದಿದ್ದರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ, ಅದರಿಂದ ನೂಲು ಬರುವುದಿಲ್ಲ. ಬಿಸಿಲಿಗಾದರೂ ಹರಡೋಣವೆಂದರೆ ವಾರವೆಲ್ಲ ಜಡಿಮಳೆ.

ಅವ್ವ ಗೂಡು ತುಂಬಿದ ಮಂಕರಿ ಹೊತ್ತು ಕಾರ್ಖಾನೆಯ ಗೇಟಿಗೆ ಬಂದಳು. ಅವಳ ಹಿಂದೆ ಇನ್ನಷ್ಟು ಮಂಕರಿಗಳು, ಮುಷ್ಕರಕ್ಕೆ ಕೂತವರ ತಾಯಂದಿರವೇ.

"ಒಸಿ ಬಾಯ್ಲರ್ ಹಚ್ಚಪ್ಪ. ಹಬೆ ಹಿಡಿಸ್ಕೊಂಡು ಹೊಂಟೋಯ್ತೀವಿ."

"ಒಂದ್ಸಲ ಹಚ್ಚಿದ್ರೆ ದಣಿ ಗೆದ್ದಂಗೆ ಕಣವ್ವ" ಎಂದ ಅಣ್ಣ.

"ನಿಮ್ ದಣಿ ಕಾಯ್ತಾನೆ, ನೀವೂ ಕಾಯ್ತೀರಿ. ಹುಳ ಕಾಯಲ್ಲ ಮಗ."

ನಾನು ಅವರಿಬ್ಬರ ನಡುವೆ ಗೇಟಿಗೆ ಒರಗಿ ನಿಂತಿದ್ದೆ. ಯಾರ ಪರ ಮಾತಾಡಬೇಕೋ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಎರಡು ದಿನ ಕಳೆದು ಬೆಳಗ್ಗೆ ಎದ್ದರೆ ಗೋಡೆ, ಒನಕೆ, ಅವ್ವನ ಸೆರಗು, ಎಲ್ಲದರ ಮೇಲೂ ಬಿಳಿ ಚಿಟ್ಟೆಗಳು. ಹಾರಲು ಬಾರದ ಚಿಟ್ಟೆಗಳವು, ಸುಮ್ಮನೆ ರೆಕ್ಕೆ ಬಡಿಯುತ್ತವೆ. ಅವ್ವ ಬಯ್ಯಲಿಲ್ಲ, ಪೊರಕೆ ತಂದು ಗುಡಿಸಿದಳು. ಬಯ್ದಿದ್ದರೆ ಚೆನ್ನಾಗಿತ್ತು.

ಎಲ್ಲರ ಮನೆಯಲ್ಲೂ ಅದೇ ಆದಮೇಲೆ ಹೆಂಗಸರು ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ನಾನೂ ಹೋದೆ, ಮುಂಚಿಗಿಂತ ಕಡಿಮೆ ಕೂಲಿಗೆ. ಅಣ್ಣನನ್ನು ಪೊಲೀಸರು ಒಯ್ದರು. ಬೆಂಗಳೂರಿನವರು ಮತ್ತೆ ಬರಲಿಲ್ಲ; ಅರ್ಧ ಜನ ಜೈಲು ಸೇರಿದರಂತೆ, ಮಿಕ್ಕವರು ತಮ್ಮತಮ್ಮಲ್ಲೇ ಜಗಳವಾಡಿ ಎರಡಾದರಂತೆ. ಸಂಘದ ಜಗಲಿಯ ಮೇಲೆ ಬೀಡಿ ಅಂಗಡಿ ಬಂತು.

ಅಣ್ಣ ಬಿಡುಗಡೆಯಾಗಿ ಬಂದವನು ಕಾಲು ತೊಳೆದುಕೊಂಡು ಹುಳದ ಕೋಣೆಯ ಮುಚ್ಚಿದ ಬಾಗಿಲ ಮುಂದೆ ನಿಂತ.

"ಈ ಸಲ ಹುಳ ಹೆಂಗವೆ ಅವ್ವ?"

ಅವ್ವ ಹುಳದ ಮೇವಿನ ಹಿಪ್ಪುನೇರಳೆ ಕಿತ್ತು ರಾಗಿ ಬಿತ್ತಿದ್ದಳು. "ಮುದ್ದೆ ಆರೋಯ್ತದೆ, ಉಣ್ಣು ಬಾ" ಎಂದಳು.