ಡಬ್ಬಿಯೊಳಗಿನ ನಾಲ್ಕು ನಾಣ್ಯ

ಬೆಳಗಿನ ಐದೂವರೆ. ಚಿನ್ನದ ಪೇಟೆಯ ಶಟರುಗಳೆಲ್ಲ ಇನ್ನೂ ಕೆಳಗಿವೆ. ಒಂದೇ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಕಿದೆ. ಕಿಟಕಿಯಿಲ್ಲದ, ಎರಡು ಮಂಚ ಹಾಕಿದರೆ ತುಂಬಿಹೋಗುವ ಕೋಣೆ. ಮೇಜಿನ ಮೇಲೆ ಹಸಿರು ಬಟ್ಟೆ, ಗಾಜಿನ ಪೆಟ್ಟಿಗೆಯೊಳಗೊಂದು ತಕ್ಕಡಿ, ಭೂತಗನ್ನಡಿ, ಅಯಸ್ಕಾಂತದ ತುಂಡು, ಒಂದು ಲೋಟ ನೀರು. ಸೆಕೆಗೆ ಹಣೆಯ ಬೆವರು ಹುಬ್ಬಿಗಿಳಿಯುತ್ತಿದೆ. ಆದರೂ ಫ್ಯಾನು ಹಾಕುವಂತಿಲ್ಲ. ಅದರ ಸದ್ದಿನಲ್ಲಿ ನಾಣ್ಯದ ದನಿ ಕೇಳಿಸುವುದಿಲ್ಲ.

ಐವತ್ತೊಂದು ವರ್ಷದ ಆ ಹೆಂಗಸು ಬೆರಳ ತುದಿಯ ಮೇಲೆ ಬೆಳ್ಳಿ ನಾಣ್ಯವೊಂದನ್ನು ನಿಲ್ಲಿಸಿ, ಮರದ ಕಡ್ಡಿಯಿಂದ ಅದರ ಅಂಚಿಗೆ ಮೆಲ್ಲಗೆ ಬಡಿಯುತ್ತಾರೆ. ದನಿ ಎಳೆಯಾಗಿ ಹೊರಡುತ್ತದೆ. ಅದು ಪೂರ್ತಿ ಅಡಗುವವರೆಗೂ ಅವರು ಕಣ್ಣು ತೆರೆಯುವುದಿಲ್ಲ. ತಲೆಯಾಡಿಸಿ ಎಡಗಡೆ ಇಡುತ್ತಾರೆ. ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಪೇಟೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದೇ.

ಇವತ್ತು ಕಿವಿಯಕ್ಕ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದಾರೆ. ಆರೂವರೆಗೆ ಶಾಲಾ ಬಸ್ಸಿನ ಚಾಲಕರೊಬ್ಬರು ಬರುತ್ತಾರೆ. ಇದೇ ಅಂಗಡಿಯಲ್ಲಿ ಕೊಂಡ ನಾಲ್ಕು ಚಿನ್ನದ ನಾಣ್ಯಗಳನ್ನು ತರುತ್ತಾರೆ. ಅವು ಚೊಕ್ಕ ಎಂದು ಹೇಳಿ ಕಳಿಸಿದವರು ಕಿವಿಯಕ್ಕನೇ. ಈಗ ಅವರಿಗೇ ಆ ಮಾತಿನ ಮೇಲೆ ನಂಬಿಕೆಯಿಲ್ಲ.

ಈ ಕೆಲಸ ಅವರಿಗೆ ಮಾವನಿಂದ ಬಂದದ್ದು. ಮಾವ ಮನೆಯ ಜಗಲಿಯಲ್ಲಿ ಒರೆಗಲ್ಲು ಇಟ್ಟುಕೊಂಡು ಕೂರುತ್ತಿದ್ದವರು. ಸೊಸೆ ಮನೆಗೆ ಬರುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ‘ಕಲ್ಲಿನ ಮೇಲಿನ ಗೆರೆ ಯಾವ ಬಣ್ಣ ಹೇಳಮ್ಮ ಅನ್ನೋರು. ನಾನು ಹೇಳ್ತಿದ್ದೆ. ಆಮೇಲೆ, ಹೊಳಪು ಕಂಡ್ರೆ ಬುದ್ಧಿ ಕೆಡುತ್ತೆ, ನೀನೂ ಕಣ್ಣು ಮುಚ್ಕೊಂಡು ಕೇಳೋದು ಕಲಿ ಅಂದ್ರು. ಒಂದು ವರ್ಷ ಬರೀ ಬಡಿದು ಕೇಳಿಸಿದ್ರು’ ಎಂದು ಪತ್ರಿಕೆಗೆ ಬರೆಯಲು ಬಂದವರಿಗೆ ಹೇಳುತ್ತಾರೆ.

ಅಂಗಡಿಗೆ ಸೇರಿ ಇಪ್ಪತ್ತೆರಡು ವರ್ಷ. ದಿನಕ್ಕೆ ಅರವತ್ತರಿಂದ ಎಪ್ಪತ್ತು ನಾಣ್ಯ. ತೂಕ, ಸುತ್ತಳತೆ, ದಪ್ಪ, ಅಯಸ್ಕಾಂತ, ನೀರಿನಲ್ಲಿ ಮುಳುಗಿಸಿದಾಗಿನ ತೂಕ, ಕೊನೆಗೆ ದನಿ. ಬಸ್ಸು ಲಾರಿಗಳು ಶುರುವಾಗುವ ಮೊದಲೇ ದನಿಯ ಕೆಲಸ ಮುಗಿಯಬೇಕು. ಅದಕ್ಕೇ ಅವರು ಕತ್ತಲಿರುವಾಗಲೇ ಮನೆ ಬಿಡುವುದು.

ನಾಣ್ಯ ಅಸಲಿಯಾಗಿದ್ದರಷ್ಟೇ ಸಾಲದು, ಮೈ ಕೆಡದೆಯೂ ಇರಬೇಕು. ಗೀರು, ಬೆರಳಚ್ಚು, ಅಂಚಿನ ತಗ್ಗು ಎಲ್ಲಕ್ಕೂ ಬೆಲೆ ಇಳಿಯುತ್ತದೆ. ಬೆಳ್ಳಿ ಕಪ್ಪಾದರೆ ಅದು ತಪ್ಪಲ್ಲ, ವಯಸ್ಸು. ಅದನ್ನು ಜನಕ್ಕೆ ಹೇಳಿ ಹೇಳಿ ಕಿವಿಯಕ್ಕನ ಬಾಯಿ ಒಣಗಿದೆ. ‘ಒಬ್ಬರು ಪಾತ್ರೆ ತಿಕ್ಕೋ ಪುಡಿ ಹಾಕಿ ಉಜ್ಜಿ ಉಜ್ಜಿ ತಂದಿದ್ರು. ನಾಣ್ಯದ ಮೇಲಿದ್ದ ರಾಣಿಗೆ ಮೂಗೇ ಇರಲಿಲ್ಲ. ಹೇಗೆ ಫಳಫಳ ಅಂತಿದೆ ನೋಡಿ ಅಂತಾರೆ. ಅಳಬೇಕೋ ನಗಬೇಕೋ?’

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಪತಿಯದ್ದು ಬೇರೆಯೇ ದೂರು. ‘ಸಂತೆಯಿಂದ ಸೌಟು ತಂದ್ರೂ ಬಡಿದು ನೋಡ್ತಾಳೆ. ಏನೋ ನನ್ನ ತಲೆಯೊಂದನ್ನ ಬಿಟ್ಟಿದಾಳೆ.’

‘ಅದನ್ನ ಬಡಿದು ನೋಡೋದೇನಿದೆ? ಟೊಳ್ಳು ಅಂತ ಮದುವೆ ದಿನವೇ ಗೊತ್ತಾಯ್ತು’ ಎನ್ನುತ್ತಾರೆ ಕಿವಿಯಕ್ಕ.

ಆ ನಗು ಈ ವಾರ ಮನೆಯಲ್ಲಿಲ್ಲ. ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಉಳಿಯುತ್ತಿದೆ. ಪತಿ ಈಗ ಯಂತ್ರ ತುಳಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡುತ್ತಾರೆ, ಮತ್ತೆ ತುಳಿಯುತ್ತಾರೆ.

ಆದದ್ದಿಷ್ಟು. ಹತ್ತು ದಿನದ ಹಿಂದೆ ಒಬ್ಬ ಎಂಟು ಚಿನ್ನದ ನಾಣ್ಯ ಮಾರಲು ಬಂದ. ಒಂದೊಂದೂ ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿಯಲ್ಲಿ, ಮೊಹರು ಒಡೆಯದೆ. ಮುಚ್ಚಿದ ಡಬ್ಬಿಗೆ ಹೆಚ್ಚು ಬೆಲೆ. ಬಿಚ್ಚಿದರೆ ಆ ಹೆಚ್ಚಿನದು ಹೋಯಿತು. ಹಾಗಾಗಿ ಮೂರು ವರ್ಷದಿಂದ ಅಂಗಡಿಯಲ್ಲೊಂದು ರೂಢಿ: ಡಬ್ಬಿ ಸಮೇತ ತೂಗುವುದು, ಡಬ್ಬಿಯ ತೂಕ ಕಳೆಯುವುದು, ಭೂತಗನ್ನಡಿಯಲ್ಲಿ ಅಚ್ಚು ನೋಡುವುದು, ಅಷ್ಟೇ. ಕಿವಿಯಕ್ಕ ಹಾಗೇ ಮಾಡಿದರು. ತೂಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಎಂಟೂ ಪಾಸಾದವು. ನಾಲ್ಕನ್ನು ಬಸ್ಸಿನ ಚಾಲಕರು ಕೊಂಡರು. ನಾಲ್ಕು ಅಂಗಡಿಯಲ್ಲಿ ಉಳಿದವು.

‘ಎಂಟಕ್ಕೆ ಎಂಟೂ ಒಂದೇ ತೂಕ. ಅದೇ ನನ್ನ ತಲೆಯಲ್ಲಿ ಕೂತುಬಿಡ್ತು. ಅಷ್ಟೊಂದು ಸರಿ ಇರಬಾರದು ಅನ್ನಿಸ್ತು. ಮೊನ್ನೆ ತಡೀಲಾರದೆ ಉಳಿದ ನಾಲ್ಕನ್ನೂ ಬಿಚ್ಚಿದೆ.’

ಮೂರು ಹಾಡಿದವು. ನಾಲ್ಕನೆಯದು ಟಪ್ ಎಂದಿತು. ಕತ್ತರಿಸಿದರೆ ಹೊರಗೆ ಚಿನ್ನದ ತೆಳು ಸಿಪ್ಪೆ, ಒಳಗೆ ಬೂದುಬಣ್ಣದ ಟಂಗ್‌ಸ್ಟನ್. ಈ ಲೋಹ ತೂಕದಲ್ಲಿ ಚಿನ್ನದ ಅವಳಿ. ತಕ್ಕಡಿಯೂ ಮೋಸಹೋಗುತ್ತದೆ, ನೀರೂ ಮೋಸಹೋಗುತ್ತದೆ. ಅಂಗಡಿಯ ದುಬಾರಿ ಯಂತ್ರವೂ ಮೇಲಿನ ಪದರವನ್ನಷ್ಟೇ ನೋಡುತ್ತದೆ. ಕತ್ತರಿಸದೆ ತಿಳಿಯಲು ಅಂಗಡಿಯಲ್ಲಿ ದನಿಯೊಂದೇ ದಾರಿ. ಡಬ್ಬಿಯೊಳಗಿದ್ದರೆ ಆ ದಾರಿಯೂ ಮುಚ್ಚಿದೆ.

ಕಿವಿಯಕ್ಕ ಯಜಮಾನರಿಗೆ ಹೇಳಿದರು. ಹಳೆಯ ಯಜಮಾನರ ಮಗ ಆತ, ವಯಸ್ಸಿನಲ್ಲಿ ಚಿಕ್ಕವರು.

‘ಒಂದು ಹೋಯ್ತು, ನನ್ನ ಹಣೆಬರಹ. ಮಾರಿದ್ದನ್ನ ಯಾಕೆ ಕೆದಕ್ತೀರಿ ಅಕ್ಕ? ಅವರೇನು ಡಬ್ಬಿ ಬಿಚ್ತಾರಾ? ಬೀರುವಿನಲ್ಲಿಟ್ಟು ಮರೀತಾರೆ.’

‘ಮರೆಯಲ್ಲ ಯಜಮಾನ್ರೇ. ಹೆಂಡತಿ ಮಂಡಿ ಆಪರೇಷನ್ನಿಗೆ ಅಂತ ಇಟ್ಟಿರೋದು. ಮುಂದಿನ ವರ್ಷ ಮಾರೋಕೆ ಹೋಗ್ತಾರೆ. ಆವತ್ತು ಗೊತ್ತಾದ್ರೆ?’

‘ಕರೆಸಿ ಹಾಗಾದ್ರೆ. ನಕಲಿ ಅಂತ ಬಂದ್ರೆ ಬದಲಿ ಕೊಡ್ತೀನಿ, ಅಪ್ಪನ ಹೆಸರಿದೆ. ಆದ್ರೆ ಆಮೇಲೆ ನೀವಿಲ್ಲಿ ಇರಲ್ಲ.’

ಇಪ್ಪತ್ತೆರಡು ವರ್ಷದ ಕೆಲಸ ಈಗ ಆ ನಾಲ್ಕು ಡಬ್ಬಿಗಳೊಳಗಿದೆ. ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನುತ್ತಾರೆ ಕಿವಿಯಕ್ಕ. ‘ಕೆಲಸ ಹೋದ್ರೆ ಮನೆಯಲ್ಲಿ ಅಂಗಿಗಳಿಗೆ ಕಾಜ ಹಾಕ್ಕೊಂಡು ಬದುಕ್ತೀನಿ. ಆ ಹೆಂಗಸು ಮೆಟ್ಟಿಲು ಹತ್ತೋಕಾಗದೆ ಕೂತೇ ಹತ್ತುತ್ತಾಳಂತೆ. ಅವಳ ಮುಂದೆ ಹೇಗೆ ನಿಲ್ಲಲಿ?’

ಆರೂವರೆಗೆ ಸರಿಯಾಗಿ ಚಾಲಕರು ಬರುತ್ತಾರೆ. ಖಾಕಿ ಅಂಗಿ, ಒದ್ದೆ ತಲೆ. ಬಸ್ಸು ರಸ್ತೆಯಂಚಿನಲ್ಲಿದೆ, ಎಂಜಿನ್ ಆರಿಸಿ ಬಂದಿದ್ದಾರೆ. ಯಜಮಾನರು ಕೈಕಟ್ಟಿ ಬಾಗಿಲಿಗೆ ಒರಗಿದ್ದಾರೆ. ಕರವಸ್ತ್ರದ ಗಂಟು ಬಿಚ್ಚಿ ಚಾಲಕರು ಡಬ್ಬಿಗಳನ್ನು ಮೇಜಿನ ಮೇಲಿಡುತ್ತಾರೆ.

‘ಏನಮ್ಮ, ಮೋಸ ಆಗಿದೆಯಾ?’

‘ಗೊತ್ತಿಲ್ಲಣ್ಣ. ಬಿಚ್ಚಿದ್ರೆ ಗೊತ್ತಾಗುತ್ತೆ. ಬಿಚ್ಚಿದ್ರೆ ಬೆಲೆಯೂ ಸ್ವಲ್ಪ ಇಳಿಯುತ್ತೆ. ಹೇಳಿ.’

‘ನಾನೇನು ಪ್ರದರ್ಶನಕ್ಕಿಡ್ತೀನಾ? ಬಿಚ್ಚಿ.’

ಮೊದಲನೆಯ ಡಬ್ಬಿ ಚಿಟ್ ಎಂದು ತೆರೆದುಕೊಳ್ಳುತ್ತದೆ. ನಾಣ್ಯ ಬೆರಳಿನ ಮೇಲೆ. ಕಡ್ಡಿ. ದನಿ ಹೊರಡುತ್ತದೆ, ಉಳಿಯುತ್ತದೆ. ಎರಡನೆಯದೂ ಹಾಗೆಯೇ. ಚಾಲಕರು ಉಸಿರು ಬಿಡುವ ಸದ್ದಿಗೆ ಕಿವಿಯಕ್ಕ ಕೈಯೆತ್ತಿ ತಡೆಯುತ್ತಾರೆ.

ಮೂರನೆಯದು ಟಪ್ ಎನ್ನುತ್ತದೆ.

ಯಜಮಾನರು ಕಟ್ಟಿದ ಕೈ ಬಿಡುತ್ತಾರೆ. ಚಾಲಕರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಾರೆ. ಕಿವಿಯಕ್ಕನ ತುಟಿಯ ಬಣ್ಣವೇ ಹೋಗಿದೆ. ಅವರು ನಾಣ್ಯವನ್ನು ನೋಡುತ್ತಿಲ್ಲ, ತಮ್ಮ ಬೆರಳನ್ನು ನೋಡುತ್ತಿದ್ದಾರೆ. ಭಯಕ್ಕೆ ಹೆಬ್ಬೆರಳೂ ಬಂದು ಅಂಚನ್ನು ಅಮುಕಿಕೊಂಡಿದೆ. ಹಿಡಿದ ನಾಣ್ಯ ದನಿ ಕೊಡುವುದಿಲ್ಲ. ಕಲಿಯಲು ಶುರುಮಾಡಿದ ಮೊದಲ ವಾರದಲ್ಲಿ ಮಾಡುವ ತಪ್ಪು ಅದು.

ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಹೆಬ್ಬೆರಳನ್ನು ಮಡಚುತ್ತಾರೆ. ಮತ್ತೆ ಬಡಿಯುತ್ತಾರೆ. ಈ ಸಲ ಅದು ಹಾಡುತ್ತದೆ. ನಾಲ್ಕನೆಯದೂ ಹಾಡುತ್ತದೆ. ಆದರೂ ನಂಬದೆ ನಾಲ್ಕನ್ನೂ ಇನ್ನೆರಡು ಸಲ ಬಡಿಯುತ್ತಾರೆ.

‘ಚಿನ್ನವೇ ಅಣ್ಣ. ನಾಲ್ಕೂ.’

ಚಾಲಕರು ಗಂಟು ಕಟ್ಟಿಕೊಂಡು ನಗುತ್ತಾರೆ. ‘ಅರ್ಧ ಜೀವ ತಿಂದ್ರಿ ಕಣಮ್ಮ. ಮಕ್ಕಳು ಕಾಯ್ತಿರ್ತಾವೆ’ ಎಂದು ಹೊರಡುತ್ತಾರೆ. ಯಜಮಾನರ ಮುಖಕ್ಕೆ ರಕ್ತ ಮರಳಿದೆ. ‘ನೋಡಿದ್ರಾ ಅಕ್ಕ? ಸುಮ್ಮನೆ ಎಲ್ಲರ ಎದೆ ಒಡೆಸಿದ್ರಿ’ ಎನ್ನುತ್ತಾ ಚಹಾಕ್ಕೆ ಹೋಗುತ್ತಾರೆ.

ಕೆಲಸ ಉಳಿಯಿತು. ಭಯ ಹೋಯಿತೇ ಎಂದರೆ ಕಿವಿಯಕ್ಕ ಚಾಲಕರು ಬಿಟ್ಟುಹೋದ ಖಾಲಿ ಡಬ್ಬಿಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

‘ಎಲ್ಲಿ ಹೋಗುತ್ತೆ? ಮೂರು ವರ್ಷ ನಾನು ಎಷ್ಟು ಡಬ್ಬಿ ಬಿಚ್ಚದೆ ಕೊಟ್ಟಿದೀನೋ. ಯಾರ್ಯಾರ ಮನೆಯಲ್ಲಿವೆಯೋ. ಯಾರೋ ಯಾವುದೋ ಕಷ್ಟಕ್ಕೆ ಅಂತ ಇಟ್ಕೊಂಡಿರ್ತಾರೆ.’ ಒಂದು ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕುತ್ತಾರೆ. ‘ನೀವು ಪೇಪರಲ್ಲಿ ಬರೀತೀರಲ್ಲ, ನನ್ನ ಕಿವಿ ದೊಡ್ಡದು ಅಂತೆಲ್ಲ ಬರೀಬೇಡಿ. ನಮ್ಮ ಕೈಯಿಂದ ಮುಚ್ಚಿದ ಡಬ್ಬಿ ತಗೊಂಡೋರು ಯಾರಾದ್ರೂ ಓದಿದ್ರೆ, ಇಲ್ಲಿಗೆ ತರಲಿ ಅಂತ ಬರೀರಿ. ನಾನು ಬಿಚ್ಚಿ ನೋಡ್ತೀನಿ. ಬೈದ್ರೂ ಬೈಲಿ. ತರಲಿ.’