ರಿಕವರಿಯವನ ಪರಿಚಯ

ದುಬೈಯ ಮಿರ್ದಿಫ್‌ನಲ್ಲಿದ್ದ ಮನೆಯಿಂದ ಅಬುಧಾಬಿಯ ಆಫೀಸಿಗೆ ದಿನಾ ಕಾರಲ್ಲೇ ಹೋಗಿ ಬರಬೇಕಿತ್ತು. ಹೊಸ ಸಾದಾ ಜಪಾನಿ ಕಾರಿನ ದುಡ್ಡಿಗೆ ಎಂಟು ವರ್ಷ ಹಳೆಯ ದೊಡ್ಡ ಜರ್ಮನ್ ಕಾರು ಸಿಗುತ್ತಿತ್ತು. ನನಗೆ ಅದರ ಮೇಲೇ ಕಣ್ಣು.

"ಬಿಸಿಲಲ್ಲಿ ಅರ್ಧ ದಾರಿಯಲ್ಲಿ ನಿಂತರೆ ಎಂತ ಮಾಡ್ತೀರಿ?" ಎಂದಳು ಹೆಂಡತಿ.

"ಕಾರು ನೋಡಿದ ಕೂಡಲೇ ನನಗೆ ಗೊತ್ತಾಗ್ತದೆ" ಎಂದು ಅವಳ ಬಾಯಿ ಮುಚ್ಚಿಸಿದೆ.

ಮಾರುವವರು ದೇರಾದ ಒಬ್ಬರು ಶೆಟ್ರು. "ಒಂದು ದಿನ ಕೈಕೊಟ್ಟದ್ದಿಲ್ಲ ಮಾರಾಯ್ರೆ, ಓಡಿಸಿ ನೋಡಿ" ಎಂದು ಪಕ್ಕದಲ್ಲಿ ಕೂತರು. ಚರ್ಮದ ಸೀಟು, ಸದ್ದೇ ಇಲ್ಲದ ಇಂಜಿನ್. ಮನಸ್ಸಿನಲ್ಲಿ ನಾನು ಆಗಲೇ ಅದನ್ನು ಕೊಂಡಾಗಿತ್ತು.

ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತದ್ದು, ಕೆಟ್ಟು ನಿಂತ ಕಾರುಗಳನ್ನು ಹೊತ್ತೊಯ್ಯುವ ರಿಕವರಿ ಲಾರಿ. ಅದರ ಪಠಾಣ್ ಡ್ರೈವರ್ ಕಿಟಕಿಯಿಂದ ಬಗ್ಗಿ ನೋಡಿ, ಮುಖವರಳಿಸಿ ಹಿಂದಿಯಲ್ಲಿ ಕೂಗಿದ: "ಅರೇ ಶೆಟ್ಟಿ ಸಾಬ್! ಇವತ್ತು ಗಾಡಿ ತಾನಾಗಿಯೇ ಓಡ್ತಾ ಇದೆಯಾ? ಮಾಷಾ ಅಲ್ಲಾ!"

ಶೆಟ್ರು ಏನೂ ಕೇಳಿಸದವರಂತೆ ಎಸಿ ಜೋರು ಮಾಡಿದರು.

ಹೊಸ ಕಾರನ್ನೇ ತಗೊಂಡೆ. ಹತ್ತು ವರ್ಷ ಓಡಿಸಿದರೂ ಒಬ್ಬ ರಿಕವರಿಯವನಿಗೂ ನನ್ನ ಹೆಸರು ಗೊತ್ತಾಗಲಿಲ್ಲ. ಹೆಂಡತಿಗೆ ಮಾತ್ರ, ಆ ಕಾರು ನೋಡಿದ ಕೂಡಲೇ ನನಗೆ ಗೊತ್ತಾಯಿತು ಅಂತಲೇ ಹೇಳಿದ್ದೇನೆ.